ಹದಿನೆಂಟು ವರ್ಷಕ್ಕೆ ಒಂಬತ್ತು ಅಂಕ

ಆಡಿಟರ್ ಕಚೇರಿಯಲ್ಲಿ ಕೆಲಸ ಮಾಡುವವರ ಮುಖ ನೋಡಿದರೆ, ಇವರ ಬದುಕಿನಲ್ಲಿ ನಗುವಂಥದ್ದು ಏನೂ ನಡೆಯುವುದಿಲ್ಲ ಅಂತಲೇ ಜನ ತಿಳಿಯುತ್ತಾರೆ. ನಡೆಯುತ್ತಲೇ ಇರುತ್ತದೆ ಸ್ವಾಮಿ. ಆದರೆ ಮಾರ್ಚ್ ಮುಗಿಯಲಿ ನಗೋಣ ಅಂದುಕೊಳ್ಳುತ್ತೇವೆ, ಅಷ್ಟರಲ್ಲಿ ಆಡಿಟ್ ವರದಿ ಒಪ್ಪಿಸುವ ಸೆಪ್ಟೆಂಬರ್ ಬರುತ್ತದೆ. ಹೀಗೆ ಮುಂದಕ್ಕೆ ಹಾಕಿಕೊಂಡು ಬಂದ ನಗು ನನ್ನ ಹತ್ತಿರ ಬಹಳ ಬಾಕಿ ಇತ್ತು. ಅದೆಲ್ಲ ಒಟ್ಟಿಗೆ ಹೊರಗೆ ಬಂದದ್ದು ಪಿಎಚ್‌ಡಿಗೆ ಅರ್ಜಿ ಹಾಕಿದ ವರ್ಷ.

ನಾನು ರಾಮನಗರದ ಒಬ್ಬ ಆಡಿಟರ ಹತ್ತಿರ ಸಹಾಯಕಿ. ಮನೆ ಮರಳವಾಡಿ. ಗಂಡ ರೇಷ್ಮೆ ಹುಳು ಸಾಕುತ್ತಾರೆ, ಅತ್ತೆ ನಮ್ಮಿಬ್ಬರನ್ನೂ ಸಾಕುತ್ತಾರೆ. ದಿನಾ ಕನಕಪುರದಲ್ಲಿ ಬಸ್ಸು ಬದಲಾಯಿಸಿ ಕಚೇರಿಗೆ ಹೋಗುತ್ತಿದ್ದ ನನಗೆ ನಲವತ್ತಮೂರನೇ ವಯಸ್ಸಿನಲ್ಲಿ ಅಕೌಂಟಿಂಗ್‌ನಲ್ಲಿ ಪಿಎಚ್‌ಡಿ ಮಾಡಬೇಕು ಅನ್ನಿಸಿತು.

ಯಾಕೆ ಅಂದರೆ ಕಾರಣ ಇದೆ. ನಮ್ಮ ಕಡೆ ನೂಲು ತೆಗೆಯುವವರು, ಗೊಂಬೆ ಮಾಡುವವರು ಪುಸ್ತಕದಲ್ಲಿ ಬರೆಸುವ ಲೆಕ್ಕವೇ ಬೇರೆ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿಕೊಳ್ಳುವ ಲೆಕ್ಕವೇ ಬೇರೆ. ಗೋಡೆಯದ್ದು ಯಾವಾಗಲೂ ಸರಿ ಇರುತ್ತದೆ. ಹದಿನೆಂಟು ವರ್ಷ ಪುಸ್ತಕ ನೋಡಿದ್ದಾಯಿತು, ಆ ಗೋಡೆಯ ಬಗ್ಗೆ ಒಮ್ಮೆ ಬರೆಯಬೇಕು ಎಂಬ ಆಸೆ ಬಹಳ ದಿನದಿಂದ ಒಳಗೆ ಕುಳಿತಿತ್ತು. ಈ ವಿಷಯ ಕೇಳಿ ನಗದೇ ಇದ್ದ ಪ್ರೊಫೆಸರ್ ಒಬ್ಬರೇ ಒಬ್ಬರು ಸಿಕ್ಕಿದ್ದರು. ಅವರಿಗೂ ನಿವೃತ್ತಿ ಹತ್ತಿರ. ಮುಂದಿನ ವರ್ಷದಿಂದ ಅವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿರಲಿಲ್ಲ. ಅಂದರೆ ಈ ವರ್ಷ ಸೀಟು ಸಿಕ್ಕರೆ ಉಂಟು, ಇಲ್ಲವಾದರೆ ಇಲ್ಲ.

ಆ ವಿಶ್ವವಿದ್ಯಾಲಯದಲ್ಲಿ ಕೆಲಸದ ಅನುಭವಕ್ಕೂ ಅಂಕ ಕೊಡುತ್ತಿದ್ದರು. ಎರಡು ವರ್ಷಕ್ಕೊಂದು ಅಂಕ, ಹೆಚ್ಚೆಂದರೆ ಹತ್ತು. ನನ್ನ ಹದಿನೆಂಟು ವರ್ಷಕ್ಕೆ ಒಂಬತ್ತು ಬರಬೇಕು. ಕೆಲಸ ಕೊಟ್ಟವರಿಂದ ಪತ್ರ ತಂದರೆ ಆಯಿತು. ಇದೇನು ಮಹಾ ಅಂದುಕೊಂಡು ಹೊರಟೆ.

ಮಾಲೀಕರ ಅಭಿಪ್ರಾಯ

ಮೊದಲು ನಮ್ಮ ಆಡಿಟರನ್ನೇ ಕೇಳಿದೆ. ಹದಿಮೂರು ವರ್ಷ ಅವರ ಎದುರು ಮೇಜಿನಲ್ಲಿ ಕುಳಿತವಳು ನಾನು. ನನ್ನ ಬಲಗಡೆಯ ಹಲ್ಲು ಯಾವಾಗ ಕೀಳಿಸಿದೆ ಎನ್ನುವುದೂ ಅವರಿಗೆ ಗೊತ್ತು. "ಅದಕ್ಕೇನಮ್ಮ, ಬರೆದುಕೊಡೋಣ" ಅಂದರು. ಮೂರು ದಿನ ಯೋಚಿಸಿ ನಾಲ್ಕನೇ ದಿನ ಪತ್ರ ಕೊಟ್ಟರು. ಅದರಲ್ಲಿ ಹೀಗಿತ್ತು: "ನಮಗೆ ಒದಗಿಸಲಾದ ಮಾಹಿತಿ ಮತ್ತು ವಿವರಣೆಗಳ ಪ್ರಕಾರ, ನಮ್ಮ ತಿಳಿವಳಿಕೆಗೆ ಬಂದ ಮಟ್ಟಿಗೆ, ಸದರಿಯವರು ಈ ಕಚೇರಿಯಲ್ಲಿ ಹದಿಮೂರು ವರ್ಷ ಕೆಲಸ ಮಾಡಿರುವಂತೆ ಕಂಡುಬರುತ್ತದೆ."

ನಾನು ಎರಡು ಸಲ ಓದಿದೆ. "ಸಾರ್, ಕಂಡುಬರುತ್ತದೆ ಅಂದರೆ ಏನು? ದಿನಾ ನಿಮ್ಮ ಕಣ್ಣೆದುರಿಗೇ ಇದ್ದೀನಲ್ಲ?"

"ಇದ್ದೀರಿ ಕಣಮ್ಮ. ಆದರೆ ನೀವು ಹೊರಗಡೆ ಆಡಿಟ್‌ಗೆ ಹೋದ ದಿನ ನಾನು ಬಂದು ನೋಡಿದ್ದೀನಾ?"

"ಇಲ್ಲ."

"ಮಾಗಡಿ ಅಕ್ಕಿ ಗಿರಣಿಗೆ ಹೋಗ್ತೀನಿ ಅಂತ ಹೇಳಿ ಹೋಗ್ತಿದ್ರಿ. ಹೋದ್ರಾ ಇಲ್ವಾ ಅಂತ ನನಗೇನು ಗೊತ್ತು?"

"ಗಿರಣಿಯವರು ಕೊಟ್ಟ ಅಕ್ಕಿ ತಂದು ನಿಮಗೂ ಕೊಟ್ಟಿದ್ದೆನಲ್ಲ ಸಾರ್!"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮೂವತ್ತು ವರ್ಷದಿಂದ ಯಾವ ಕಾಗದಕ್ಕೂ ಬೆನ್ನಿಗೊಂದು ರಕ್ಷಣೆ ಇಲ್ಲದೆ ಸಹಿ ಹಾಕಿದವರಲ್ಲ ಅವರು. ಮಗಳ ಮದುವೆಯ ಕರೆಯೋಲೆಯಲ್ಲೂ "ದೈವಾನುಗ್ರಹಕ್ಕೆ ಒಳಪಟ್ಟು" ಅಂತ ಅಚ್ಚು ಹಾಕಿಸಿದ್ದರು. ಕೊನೆಗೆ ಬಹಳ ಸಂಕಟಪಟ್ಟು ನನಗೆ ಸಮಾಧಾನ ಹೇಳಿದರು:

"ಬೇಜಾರು ಮಾಡ್ಕೋಬೇಡಿ. ಹದಿಮೂರು ವರ್ಷದಲ್ಲಿ ಎಲ್ಲಾ ದಿನವೂ ನೋಡೋಕೆ ಆಗಲ್ಲ. ನಾನು ನಿಮ್ಮನ್ನ ಸ್ಯಾಂಪಲ್ ಆಗಿ ನೋಡಿದ್ದೀನಿ."

ಸಾಹೇಬರ ಹರಾಜು

ಆಡಿಟರ ಹತ್ತಿರ ಸೇರುವುದಕ್ಕೆ ಮುಂಚೆ, ಮೊಟ್ಟಮೊದಲು ನಾನು ಕೆಲಸ ಮಾಡಿದ್ದು ರಾಮನಗರದಲ್ಲೇ ಒಂದು ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ, ಎರಡು ವರ್ಷ. ಮಾಲೀಕರು ಸಾಹೇಬರು. ಆಗಲೇ ಅವರಿಗೆ ಗಡ್ಡ ನೆರೆತಿತ್ತು, ಈಗ ಅದಕ್ಕೆ ಗೋರಂಟಿ ಹಚ್ಚಿ ಆಗಿನದಕ್ಕಿಂತ ಚಿಕ್ಕವರಾಗಿ ಕಾಣುತ್ತಾರೆ. ನನ್ನನ್ನು ನೋಡಿದ್ದೇ ಕುರ್ಚಿ ಹಾಕಿಸಿದರು, ಚಹಾ ತರಿಸಿದರು. ರೇಷ್ಮೆಗೂಡು ಬೇಯುವ ವಾಸನೆಯಲ್ಲಿ ಆ ಚಹಾ ಕುಡಿಯುವುದಕ್ಕೆ ಅಭ್ಯಾಸ ಬೇಕು. ನನಗೆ ಅದು ತವರಿನ ಚಹಾ ಇದ್ದ ಹಾಗೆ.

ವಿಷಯ ಹೇಳಿದೆ. ಅವರು ತುಂಬಾ ಖುಷಿಯಾದರು. "ಅರೆ ಬೇಟಿ, ಓದೋಕಾ? ಬರ್ಕೊ, ಬರ್ಕೊ. ಎಷ್ಟು ವರ್ಸ ಬೇಕು ನಿಂಗೆ?"

"ಎಷ್ಟು ಬೇಕು ಅಂತಲ್ಲ ಸಾಹೇಬ್ರೆ. ಎರಡು ವರ್ಷ ಇದ್ದೆನಲ್ಲ, ಅಷ್ಟೇ."

"ಎರಡು ಏನಕ್ಕೆ ಸಾಕಾಯ್ತದೆ? ನಮ್ ಹುಡುಗಿ ನೀನು. ಹದಿನೈದು ಬರ್ಕೊ. ನಾನು ಸೈನು ಹಾಕ್ತೀನಿ, ಯಾವನು ಕೇಳ್ತಾನೆ ನೋಡೋಣ!"

ಪಕ್ಕದಲ್ಲಿ ನೂಲು ಸುತ್ತುತ್ತಿದ್ದ ಹೆಂಗಸರೂ "ಹಾಕಿ ಹಾಕಿ ಸಾಹೇಬ್ರೆ" ಅಂದರು. ನಾನು ಬೆರಳು ಮಡಿಚಿ ಲೆಕ್ಕ ಹಾಕಿದೆ. "ಸಾಹೇಬ್ರೆ, ನಿಮ್ಮಲ್ಲಿ ಕೆಲಸ ಬಿಟ್ಟಾಗ ನನಗೆ ಇಪ್ಪತ್ತೇಳು. ಹದಿನೈದು ವರ್ಷ ಅಂತ ಬರೆದರೆ ನಾನು ಹನ್ನೆರಡನೇ ವಯಸ್ಸಿಗೆ ಇಲ್ಲಿ ಸೇರಿದ್ದೆ ಅಂತ ಆಗುತ್ತೆ."

ಸಾಹೇಬರ ಚಹಾ ಲೋಟ ಅರ್ಧಕ್ಕೇ ನಿಂತಿತು. "ಹನ್ನೆರಡಾ?" ಅಂದರು. ಬಾಗಿಲ ಕಡೆ ನೋಡಿದರು. ಕಾರ್ಮಿಕ ಇಲಾಖೆಯ ಜೀಪು ಅಲ್ಲೇ ನಿಂತಿದೆಯೇನೋ ಎನ್ನುವ ಹಾಗಿತ್ತು ಆ ನೋಟ. "ಯಾ ಅಲ್ಲಾ! ಬ್ಯಾಡ ಬ್ಯಾಡ. ಒಂದು ವರ್ಸ ಬರಿ."

"ಒಂದಲ್ಲ ಸಾಹೇಬ್ರೆ, ಎರಡು. ಒಂದು ವರ್ಷಕ್ಕೆ ಅರ್ಧ ಅಂಕ ಅಷ್ಟೇ."

"ಒಂದು ವರ್ಸ ಮೂರು ತಿಂಗ್ಳು."

"ಎರಡು."

"ಒಂದೂವರೆ. ಆಮ್ಯಾಕೆ ಕೇಳ್ಬೇಡ."

ಗೂಡಿನ ಮಾರುಕಟ್ಟೆಯಲ್ಲಿ ದಿನಾ ಹರಾಜು ನಡೆಸಿ ಬಂದವರ ಜೊತೆ ಕೂಗಾಟದಲ್ಲಿ ಗೆಲ್ಲುವುದು ನನ್ನಂಥವಳಿಗೆ ಆಗುವ ಕೆಲಸವಲ್ಲ. ಅರ್ಧ ಗಂಟೆ ಜಗ್ಗಾಡಿ ಒಂದು ವರ್ಷ ಹನ್ನೊಂದು ತಿಂಗಳಿಗೆ ತಂದು ನಿಲ್ಲಿಸಿದೆ. ಆ ಕೊನೆಯ ಒಂದು ತಿಂಗಳಿಗೆ ನೂಲು ಸುತ್ತುವ ಹೆಂಗಸರೆಲ್ಲ ಎದ್ದು ಬಂದು ಸಾಕ್ಷಿ ಹೇಳಬೇಕಾಯಿತು. ಸಹಿ ಹಾಕಿ ಮೊಹರು ಒತ್ತಿದ ಮೇಲೂ ಸಾಹೇಬರಿಗೆ ನೆಮ್ಮದಿ ಇಲ್ಲ. ಗೇಟಿನ ತನಕ ಬಂದು ಮೆಲ್ಲಗೆ ಹೇಳಿದರು:

"ಬೇಟಿ, ಯಾರಾದ್ರೂ ವಿಚಾರಿಸಿದ್ರೆ, ಸೇರಿದಾಗ್ಲೇ ನಿಂಗೆ ನಲವತ್ತಾಗಿತ್ತು ಅಂತ ಹೇಳ್ಬುಡು."

ಒರಿಜಿನಲ್

ಸಾಹೇಬರ ಘಟಕ ಬಿಟ್ಟ ಮೇಲೆ ಮೂರು ವರ್ಷ ನಾನು ಚನ್ನಪಟ್ಟಣದ ಒಂದು ಗೊಂಬೆ ಕಾರ್ಖಾನೆಯಲ್ಲಿದ್ದೆ. ಅದರ ಯಜಮಾನರು ದೊಡ್ಡಮಳೂರಿನವರು, ಮಾತು ಕಮ್ಮಿ, ಕೈಕೆಲಸ ಜೋರು. ಪತ್ರ ಬೇಕು ಅಂದಾಗ "ಸೋಮ್ವಾರ ಬಾರವ್ವ" ಅಂದರು. ಸೋಮವಾರ ಹೋದೆ. ಮರದ ಹಲಗೆಯೊಂದನ್ನು ಕೈಗಿಟ್ಟರು.

ಹಾಲೆ ಮರದ ಹಲಗೆ. ಸುತ್ತ ಕೆಂಪು, ಹಳದಿ ಅರಗಿನ ಅಂಚು. ನಡುವೆ ದುಂಡಗಿನ ಅಕ್ಷರದಲ್ಲಿ ನನ್ನ ಹೆಸರು, ಮೂರು ವರ್ಷ ಕೆಲಸ ಮಾಡಿದ ವಿವರ, ದಿನಾಂಕ. ಎರಡು ಮೂಲೆಯಲ್ಲಿ ಎರಡು ಗಿಣಿ. ತಾಳೆಗರಿಯಲ್ಲಿ ಉಜ್ಜಿ ಉಜ್ಜಿ ಕನ್ನಡಿಯ ಹಾಗೆ ಹೊಳಪು ತಂದಿದ್ದರು. ನಿಜ ಹೇಳುತ್ತೇನೆ, ನನ್ನ ಕಣ್ಣಲ್ಲಿ ನೀರು ಬಂತು. ನನ್ನ ಕೆಲಸಕ್ಕೆ ಯಾರೂ ಯಾವತ್ತೂ ಗಿಣಿ ಬರೆದಿರಲಿಲ್ಲ.

"ಯಜಮಾನ್ರೇ, ಬಹಳ ಚೆನ್ನಾಗಿದೆ. ಆದರೆ ಕಾಗದದ ಮೇಲೆ ಬೇಕಿತ್ತು."

"ಕಾಗ್ದ ಅರಿದೋಯ್ತದೆ. ಇದು ನಿನ್ ಮೊಮ್ಮಕ್ಳು ಕಾಲಕ್ಕೂ ಇರ್ತದೆ. ಮಗು ಬಾಯಿಗಿಟ್ಕೊಂಡ್ರೂ ಏನೂ ಆಗಕಿಲ್ಲ, ಬಣ್ಣ ಅಂಥಾದ್ದು."

ವಿಶ್ವವಿದ್ಯಾಲಯದವರು ಬಾಯಿಗೆ ಇಟ್ಟುಕೊಳ್ಳುವುದಿಲ್ಲ ಅಂತ ಹೇಳುವ ಧೈರ್ಯ ಬರಲಿಲ್ಲ. ಹಲಗೆಯ ಫೋಟೋ ತೆಗೆದು ಅರ್ಜಿಗೆ ಸೇರಿಸಿದೆ. ದಾಖಲೆ ಪರಿಶೀಲನೆಯ ದಿನ ಕೌಂಟರಿನಲ್ಲಿ ಕುಳಿತಿದ್ದ ಗುಮಾಸ್ತರು ತಲೆ ಎತ್ತದೆ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು, "ಒರಿಜಿನಲ್ ತೋರ್ಸಿ, ಜೆರಾಕ್ಸ್ ಕೊಡಿ." ನಾನು ಚೀಲದಿಂದ ಹಲಗೆ ತೆಗೆದು ಮೇಜಿನ ಮೇಲಿಟ್ಟೆ. ಟಕ್ ಎಂದು ಸದ್ದಾಯಿತು. ಅವರು ತಲೆ ಎತ್ತಿದರು. ಹಲಗೆ ನೋಡಿದರು, ಗಿಣಿ ನೋಡಿದರು, ಬೆರಳಿನಿಂದ ಅಂಚು ಸವರಿದರು. ಪಕ್ಕದ ಕೌಂಟರಿನವರನ್ನೂ ಕರೆದು ತೋರಿಸಿದರು. ಸಾಲಿನಲ್ಲಿದ್ದವರೆಲ್ಲ ಕತ್ತು ಉದ್ದ ಮಾಡಿದರು.

ತಿರಸ್ಕರಿಸುತ್ತಾರೇನೋ ಎಂದು ನಾನು ಹಲಗೆಯ ಒಂದು ಮೂಲೆ ಹಿಡಿದುಕೊಂಡೇ ಇದ್ದೆ. ಒಂದೂವರೆ ಅಂಕದ ಹಲಗೆ ಅದು! ಗುಮಾಸ್ತರು ಗಂಟಲು ಸರಿಮಾಡಿಕೊಂಡು ಹೇಳಿದರು:

"ಸರಿ ಇದೆ ಮೇಡಂ. ಒರಿಜಿನಲ್ ಇಲ್ಲೇ ಇರ್ಲಿ, ನೀವು ಜೆರಾಕ್ಸ್ ತಗೊಂಡು ಹೋಗಿ."

ನಲವತ್ತೊಂದು ಆಕ್ಷೇಪಣೆ

ನನ್ನ ವಿಷಯಕ್ಕೆ ನಗದ ಪ್ರೊಫೆಸರ್ ಇದ್ದರಲ್ಲ, ಅವರಿಗೆ ನನ್ನ ಅನುಭವದ ಬಗ್ಗೆಯೇ ಅನುಮಾನ. "ನೋಡೀಮ್ಮ, ಈಗ ತಾನೇ ಎಂ.ಕಾಂ. ಮುಗಿಸಿ ಬಂದವರ ತಲೆಯಲ್ಲಿ ಪ್ರಶ್ನೆ ಇರುತ್ತೆ. ಹದಿನೆಂಟು ವರ್ಷ ಕೆಲಸ ಮಾಡಿದವರ ತಲೆಯಲ್ಲಿ ಬರೀ ಉತ್ತರ ತುಂಬಿರುತ್ತೆ. ಸಂಶೋಧನೆಗೆ ಅದು ತೊಂದರೆ" ಅಂದರು. ಒಂದು ಲೇಖನದ ಪ್ರತಿ ಕೊಟ್ಟು, "ಇದನ್ನ ಓದಿ ನಿಮ್ಮ ಅನಿಸಿಕೆ ಬರ್ಕೊಂಡು ಬನ್ನಿ. ಆಮೇಲೆ ನಾನು ಗೈಡ್ ಆಗೋ ಒಪ್ಪಿಗೆ ಪತ್ರ ಕೊಡೋದು ನೋಡೋಣ" ಎಂದರು.

ಅನಿಸಿಕೆ ಎಂದರೆ ಏನು ಬರೆಯಬೇಕು ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದನ್ನು ಮಾಡಿದೆ. ಪುಟ ಪುಟವೂ ನೋಡಿದೆ, ಪ್ರತಿ ಕೋಷ್ಟಕವನ್ನೂ ಕೂಡಿದೆ, ಸರಿ ಇದ್ದದ್ದಕ್ಕೆ ಟಿಕ್ ಹಾಕಿದೆ, ಇಲ್ಲದ್ದಕ್ಕೆ ಸುತ್ತು ಹಾಕಿದೆ. "ಪುಟ ಆರು: ಮೊತ್ತ ತಾಳೆಯಾಗುವುದಿಲ್ಲ, ವಿವರಣೆ ನೀಡುವುದು. ಪುಟ ಒಂಬತ್ತು: ಇಪ್ಪತ್ತು ಅಂಗಡಿ ಎಂದು ಹೇಳಿ ಹದಿನೆಂಟರ ವಿವರ ಮಾತ್ರ ಇದೆ, ಉಳಿದ ಎರಡು ಅಂಗಡಿ ಎಲ್ಲಿ?" ಹೀಗೆ ನಲವತ್ತೊಂದು ಆಕ್ಷೇಪಣೆ. ಕೊನೆಯಲ್ಲಿ ಅಭ್ಯಾಸಬಲದಿಂದ "ಏಳು ದಿನದೊಳಗೆ ಉತ್ತರ ತಲುಪಬೇಕು" ಎಂದೂ ಬರೆದು, ಟೈಪು ಮಾಡಿಸಿ ಲೇಖನದ ಜೊತೆಗೇ ಕೊಟ್ಟೆ.

ಪ್ರೊಫೆಸರು ಮೊದಲ ಪುಟ ಓದಿದರು. ಎರಡನೆಯದು ಓದಿದರು. ಮೂರನೆಯದಕ್ಕೆ ಬರುವ ಹೊತ್ತಿಗೆ ಕಿವಿ ಕೆಂಪಾಗಿತ್ತು.

"ಅಮ್ಮಾ, ಈ ಲೇಖನ ಬರೆದವರು ಯಾರು ಅಂತ ನೋಡಿದ್ರಾ?"

"ಇಲ್ಲ ಸಾರ್. ಹೆಸರು ನೋಡಿದರೆ ದಾಕ್ಷಿಣ್ಯ ಬರುತ್ತೆ. ನಮ್ಮ ಕಚೇರಿಯಲ್ಲಿ ಮೊದಲ ಪುಟ ಮಡಿಚಿಟ್ಟೇ ನೋಡೋದು."

ಅವರು ಮಡಿಚಿದ ಪುಟ ಬಿಡಿಸಿ ನನ್ನ ಮುಂದೆ ಹಿಡಿದರು. ಅವರ ಹೆಸರೇ ಇತ್ತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಇನ್ನೇನು, ಬಂದ ದಾರಿಗೆ ಸುಂಕ ಇಲ್ಲ ಅಂತ ಚೀಲ ಎತ್ತಿಕೊಂಡೆ. ಅವರು ಕೈ ಅಡ್ಡ ಹಿಡಿದು, ಡ್ರಾಯರಿನಿಂದ ಒಪ್ಪಿಗೆ ಪತ್ರದ ನಮೂನೆ ತೆಗೆದು ಸರಸರನೆ ಸಹಿ ಹಾಕಿದರು.

"ನೀವು ನನ್ನ ಹತ್ರನೇ ಸೇರ್ಕೊಳ್ಳಿ. ಬೇರೆಯವರ ಹತ್ರ ಹೋಗಿ ಇದನ್ನೆಲ್ಲ ಹೇಳೋದು ಬೇಡ."

ಉಯ್ಯಂಬಳ್ಳಿಯ ಮಾವ

ಅಷ್ಟರಲ್ಲಿ ಸುದ್ದಿ ನೆಂಟರಿಗೆಲ್ಲ ಮುಟ್ಟಿತ್ತು. ಅತ್ತೆಯ ತಮ್ಮ ಉಯ್ಯಂಬಳ್ಳಿಯಿಂದ ಬಂದವರು, ಮುದ್ದೆ ಮುರಿಯುತ್ತಾ ವಿಚಾರಣೆ ಶುರು ಮಾಡಿದರು.

"ಎಷ್ಟ್ ವರ್ಸದ ಓದು ಕಣವ್ವ?"

"ನಾಲ್ಕೈದು ವರ್ಷ ಆಗಬಹುದು ಮಾವ."

"ಆಮ್ಯಾಕೆ?"

"ಕಾಲೇಜಿನಲ್ಲಿ ಕೆಲಸ ಸಿಗಬಹುದು."

"ಈಗ ಕೆಲ್ಸ ಐತಲ್ಲ? ಇರೋ ಕೆಲ್ಸ ಬುಟ್ಟು, ಕೆಲ್ಸ ಸಿಗ್ಲಿ ಅಂತ ಓದ್ತೀಯಾ? ಇದೇನ್ ಬುದ್ಧಿನವ್ವ?"

ನನಗೂ ಒಂದು ಕ್ಷಣ ಹೌದಲ್ಲ ಅನ್ನಿಸಿತು. ಅತ್ತೆ ಸಾರಿನ ಸೌಟು ಹಿಡಿದೇ ತಿರುಗಿದರು.

"ಲೇ, ನಿನ್ ಮಗ ಕೆಲ್ಸನೂ ಬುಟ್ಟು ಓದೂ ಬುಟ್ಟು ಮೂರ್ ವರ್ಸದಿಂದ ಜಗ್ಲಿ ಮ್ಯಾಲೆ ಕುಂತವ್ನಲ್ಲ, ಅದ್ಯಾವ್ ಬುದ್ಧಿಲಾ? ಸುಮ್ಕೆ ಉಣ್ಣು."

ಒಂದನೇ ಸ್ಥಾನ

ಪ್ರವೇಶ ಪರೀಕ್ಷೆ ಬರೆದೆ. ಉತ್ತರ ಪತ್ರಿಕೆಯಲ್ಲಿ ಸೊನ್ನೆಯ ಒಳಗೆ ಕಪ್ಪು ತುಂಬಬೇಕು. ನಾನು ಹನ್ನೆರಡು ಪ್ರಶ್ನೆಗೆ ಅಚ್ಚುಕಟ್ಟಾಗಿ ಟಿಕ್ ಹಾಕಿ, ಹದಿಮೂರನೆಯದಕ್ಕೆ ಎಚ್ಚರಗೊಂಡು, ಮತ್ತೆ ಮೊದಲಿಂದ ಕಪ್ಪು ತುಂಬಿದೆ. ಪಕ್ಕದ ಹುಡುಗಿ "ಆಂಟಿ, ನೀವು ಬರೀತಿದ್ದೀರಾ, ತಿದ್ದುತ್ತಿದ್ದೀರಾ?" ಅಂದಳು. ಆಮೇಲೆ ಸಂದರ್ಶನವೂ ಆಯಿತು. ಹತ್ತೊಂಬತ್ತು ಜನ ಅಭ್ಯರ್ಥಿಗಳು, ನಾಲ್ಕು ಸೀಟು. ಅವತ್ತೇ ಸಂಜೆ ನಾಲ್ಕು ಗಂಟೆಗೆ ಪಟ್ಟಿ ಹಾಕುತ್ತೇವೆ, ಆಕ್ಷೇಪಣೆ ಇದ್ದವರು ಒಂದು ಗಂಟೆಯೊಳಗೆ ಹೇಳಿ ಎಂದರು. ಬೈಕಿನಲ್ಲಿ ಕರೆದುಕೊಂಡು ಬಂದಿದ್ದ ನನ್ನ ಗಂಡ ಬೆಳಗಿನಿಂದ ಹೊರಗೆ ಮರದ ಕೆಳಗೆ ಕೂತು ಐದು ಕಾಫಿ ಕುಡಿದಿದ್ದರು.

ಪಟ್ಟಿ ಬಿತ್ತು. ಮೊದಲು ಓಡಿದವರು ಅವರೇ. ಓಡಿದಷ್ಟೇ ಬೇಗ ತಿರುಗಿ ಬಂದರು. "ಲೇ ಇವಳೇ! ಫಸ್ಟು ಕಣಮ್ಮಿ! ನೀನೇ ಫಸ್ಟು! ಎಂಬತ್ಮೂರು!"

ನಾನು ನಂಬಲಿಲ್ಲ. ಹೋಗಿ ನೋಡಿದೆ. ನಿಜವಾಗಿಯೂ ನನ್ನ ಹೆಸರೇ ಮೇಲಿತ್ತು. ನಲವತ್ತಮೂರು ವರ್ಷದಲ್ಲಿ ನಾನು ಯಾವುದರಲ್ಲೂ ಮೊದಲು ಬಂದವಳಲ್ಲ. ಶಾಲೆಯ ಓಟದಲ್ಲಿ ಕೂಡ ದಾರಿಯಲ್ಲಿ ಬಿದ್ದವರನ್ನು ಎಬ್ಬಿಸಿ ಅವರ ಹಿಂದೆ ಬರುತ್ತಿದ್ದೆ. ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಷ್ಟರಲ್ಲಿ ಗಂಡ ಮನೆಗೆ ಫೋನು ಹಚ್ಚಿದ್ದರು. ಅತ್ತೆ ಆ ಕಡೆಯಿಂದ ಕೂಗಿ ಕೇರಿಗೆಲ್ಲ ಹೇಳುತ್ತಿದ್ದುದು ಈ ಕಡೆ ಕೇಳುತ್ತಿತ್ತು.

ಆ ಸಂತೋಷದಲ್ಲಿ ಸುಮ್ಮನೆ ಮನೆಗೆ ಹೋಗಬೇಕಿತ್ತು. ಆದರೆ ಅಂಕಗಳ ಸಾಲು ಕಂಡರೆ ನನ್ನ ಕಣ್ಣು ತಾನಾಗಿಯೇ ಕೂಡಲು ಶುರು ಮಾಡುತ್ತದೆ. ಇದು ಪ್ರಾಮಾಣಿಕತೆ ಅಂತ ಯಾರೂ ತಿಳಿಯಬಾರದು, ಶುದ್ಧ ಚಟ. ಪರೀಕ್ಷೆಗೆ ಇಪ್ಪತ್ತೆಂಟು, ಎಂ.ಕಾಂ.ಗೆ ಹದಿಮೂರು, ಅನುಭವಕ್ಕೆ ಒಂಬತ್ತು (ಸಾಹೇಬರು ಮುರಿದುಕೊಂಡಿದ್ದ ಒಂದು ತಿಂಗಳನ್ನು ಪುಣ್ಯಕ್ಕೆ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ), ಸಂದರ್ಶನಕ್ಕೆ ಹದಿನಾಲ್ಕು. ಅರವತ್ತನಾಲ್ಕು. ಮುಂದೆ ಬರೆದಿದ್ದದ್ದು ಎಂಬತ್ತಮೂರು. ಇನ್ನೊಮ್ಮೆ ಕೂಡಿದೆ. ಅದೇ ಅರವತ್ತನಾಲ್ಕು. ವ್ಯತ್ಯಾಸ ಹತ್ತೊಂಬತ್ತು.

ಕೆಳಗಿನವರದ್ದೂ ನೋಡಿದೆ. ಎರಡನೇ ಸ್ಥಾನದವರಿಗೆ ಹದಿನೇಳು ಹೆಚ್ಚು, ಮೂರನೆಯವರಿಗೆ ಹದಿನೆಂಟು. ಎಲ್ಲರಿಗಿಂತ ಕೆಳಗಿದ್ದ ಹುಡುಗನಿಗೆ ಒಂದೇ ಒಂದು ಹೆಚ್ಚು. ಆಗ ತಿಳಿಯಿತು. ಅರ್ಜಿ ಹಾಕಿದ ಕ್ರಮದಲ್ಲಿ ಎಲ್ಲರಿಗೂ ಒಂದು ಕ್ರಮಸಂಖ್ಯೆ ಕೊಟ್ಟಿದ್ದರು. ಕಂಪ್ಯೂಟರಿನಲ್ಲಿ ಮೊತ್ತ ತೆಗೆಯುವಾಗ ಆ ಕ್ರಮಸಂಖ್ಯೆಯನ್ನೂ ಅಂಕ ಅಂತ ಕೂಡಿಬಿಟ್ಟಿದ್ದರು. ಯಾರು ಕೊನೆಗೆ ಅರ್ಜಿ ಹಾಕಿದ್ದರೋ ಅವರೇ ಬುದ್ಧಿವಂತರು. ಕಟ್ಟಕಡೆಗೆ ಹಾಕಿದವಳು ನಾನು, ಹತ್ತೊಂಬತ್ತನೆಯವಳು.

ನಾನು ಬಾಗಿಲ ಕಡೆ ತಿರುಗಿದೆ. ಗಂಡ ತಡೆದರು.

"ಎಲ್ಲಿಗ್ ಹೊಂಟೆ?"

"ಟೋಟಲ್ ತಪ್ಪಿದೆ ರೀ."

"ಕಮ್ಮಿ ಕೊಟ್ಟವ್ರಾ?"

"ಇಲ್ಲ, ಜಾಸ್ತಿ."

"ಜಾಸ್ತಿ ಕೊಟ್ರೆ ತಪ್ಪೆಂಗಾಯ್ತದೆ ಕಣಮ್ಮಿ? ಬಾ, ಗಾಡಿ ಹತ್ತು. ಅವ್ವ ಪಾಯ್ಸಕ್ಕೆ ಇಟ್ಬುಟ್ಟವ್ಳೆ."

ಕೇಳಲಿಲ್ಲ, ಒಳಗೆ ಹೋದೆ. ವಿಭಾಗದ ಮುಖ್ಯಸ್ಥರ ಜೊತೆ ನನ್ನ ಪ್ರೊಫೆಸರೂ ಕುಳಿತಿದ್ದರು. "ಏನಮ್ಮ, ಮೊದಲು ಬಂದವರಿಗೂ ಆಕ್ಷೇಪಣೆನಾ?" ಎಂದರು ಮುಖ್ಯಸ್ಥರು. ನಾನು ಹೇಳಿದೆ. ಅವರು ನಕ್ಕರು. ಆಮೇಲೆ ಕೂಡಿದರು. ಆಮೇಲೆ ನಗಲಿಲ್ಲ. ಓಡಾಟ ಶುರುವಾಯಿತು. ಪಟ್ಟಿ ಕಿತ್ತು ತಂದರು, ಕಂಪ್ಯೂಟರಿನ ಸುತ್ತ ನಾಲ್ಕು ಜನ ನಿಂತರು, ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು.

ಆ ಇಪ್ಪತ್ತು ನಿಮಿಷ ನನಗೆ ಬಂದ ದುಃಖ ಅಷ್ಟಿಷ್ಟಲ್ಲ. ಅರವತ್ತನಾಲ್ಕಕ್ಕೆ ಯಾರು ಸೀಟು ಕೊಡುತ್ತಾರೆ? ನಾನೇ ನನ್ನ ಕೈಯಾರೆ ಹತ್ತೊಂಬತ್ತು ಅಂಕ ಕಳೆದುಕೊಂಡು, ಇದ್ದ ಒಂದು ವರ್ಷವನ್ನೂ ಕಳೆದುಕೊಂಡೆ ಅಂತ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಗಂಡ ಬೈಯುವ ಬದಲು ಆರನೇ ಕಾಫಿ ತಂದು ನನ್ನ ಕೈಗಿಟ್ಟರು. ಅದು ಇನ್ನೂ ಕಷ್ಟವಾಯಿತು. ಅತ್ತೆಯ ಫೋನು ಬರುತ್ತಲೇ ಇತ್ತು, ಗಂಡ ಎತ್ತಲಿಲ್ಲ.

ಬಾಗಿಲು ತೆರೆಯಿತು. ಮುಖ್ಯಸ್ಥರು ಹೊಸ ಪಟ್ಟಿ ಹಿಡಿದು ಹೊರಗೆ ಬಂದರು, ಹಿಂದೆ ಪ್ರೊಫೆಸರು. ಎಲ್ಲರಿಗಿಂತ ಕೆಳಗಿದ್ದ ಹುಡುಗ ಈಗ ಎಲ್ಲರಿಗಿಂತ ಮೇಲೆ. ಅವನು ಆಗಲೇ ಬಸ್ಸು ಹತ್ತಿ ಹೋಗಿದ್ದನಂತೆ, ಫೋನು ಮಾಡಿ ದಾರಿಯಲ್ಲಿ ಇಳಿಸಿದ್ದರು. ನಾನು ಬೆರಳಿಟ್ಟು ಒಂದೊಂದೇ ಹೆಸರು ಇಳಿಯುತ್ತಾ ಬಂದೆ. ಒಂದು, ಎರಡು, ಮೂರು. ನಾಲ್ಕರಲ್ಲಿ ಬೆರಳು ನಿಂತಿತು. ನಾನೇ. ಸೀಟು ನಾಲ್ಕೇ.

"ಎಲ್ಲರೂ ಅರವತ್ತರ ಆಸುಪಾಸಿನಲ್ಲೇ ಇದ್ದೀರಿ" ಅಂದರು ಮುಖ್ಯಸ್ಥರು. ಪ್ರೊಫೆಸರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ನನಗೂ ಅಳು ನಗು ಎರಡೂ ಒಟ್ಟಿಗೆ ಬಂತು.

ಮುಖ್ಯಸ್ಥರು ಇನ್ನೂ ಬೆವರು ಒರೆಸಿಕೊಳ್ಳುತ್ತಿದ್ದರು. "ಮೇಡಂ, ಗೋಡೆಗೆ ಅಂಟಿಸೋಕೆ ಮುಂಚೆ ಇನ್ನೊಂದು ಸಲ ನೀವೇ ಪೂರ್ತಿ ಚೆಕ್ ಮಾಡಿಬಿಡಿ. ನಮಗೆ ಧೈರ್ಯ ಇಲ್ಲ" ಎಂದು ಪಟ್ಟಿ ಮುಂದೆ ಹಿಡಿದರು.

ನಾನು ಖುಷಿಯಿಂದ ಪೆನ್ನು ತೆಗೆದೆ. ಮುಚ್ಚಳ ಬಿಚ್ಚುವಷ್ಟರಲ್ಲಿ ನನ್ನ ಗಂಡ ಹಾರಿ ಬಂದು ಪೆನ್ನು ಕಿತ್ತುಕೊಂಡು ಜೇಬಿಗಿಟ್ಟುಕೊಂಡರು.

"ಸಾಕ್ ಬುಡು ಕಣಮ್ಮಿ! ಇನ್ನೊಂದ್ ತಪ್ಪು ಹಿಡಿದ್ರೆ ಐದನೇವಳಾಗ್ಬುಡ್ತೀಯ!"